ಈ ವಾರದ ವಿಷಯ: ‘ಹತ್ತು’ ಮತ್ತು ‘ಇಪ್ಪತ್ತು’

ಗುಂಪಿನ ಎಲ್ಲ ಸದಸ್ಯರಿಗೆ ನಮಸ್ಕಾರ.

ಹಳಗನ್ನಡದಲ್ಲಿ ಪದದ ಮೊದಲಿಗಿದ್ದ ಪಕಾರವು ನಡುಗನ್ನಡದ ವೇಳೆಗೆ ಹಕಾರವಾಗಿ, ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿದೇ ಇದೆ. ಹಾಸನ ಜಿಲ್ಲೆಯ ಹಲ್ಮಿಡಿಯ ಹೆಸರೂ ಅಲ್ಲಿ ದೊರೆತ ಸುಮಾರು ಕ್ರಿ.ಶ. 450ರ ಶಾಸನದಲ್ಲಿ ಪಕಾರದಿಂದಲೇ ಆರಂಭವಾಗುತ್ತದೆ.

ನನಗೆ ಇದಕ್ಕಿಂತಲೂ ಸೋಜಿಗವೆನಿಸುವುದು ನಾವು ದಿನವೂ ಎಣಿಸುವ ಸಂಖ್ಯೆಗಳು. ‘ಪತ್ತು’ ಎಂಬುದು ‘ಹತ್ತು’ ಆದರೂ, ‘ಇಪ್ಪತ್ತು’, ‘ಎಪ್ಪತ್ತು’ಗಳ ನಡುವೆ ಒತ್ತಕ್ಷರದ ಆಸರೆಯಲ್ಲಿದ್ದ ಪಕಾರ ಅಲುಗಾಡಲಿಲ್ಲ, ‘ಮೂವತ್ತು’, ‘ಐವತ್ತು’ಗಳಲ್ಲಿ ಅದೇ ಪಕಾರ ವಕಾರವಾಗಿ, ‘ಎಂಬತ್ತು’, ‘ತೊಂಬತ್ತು’ಗಳಲ್ಲಿ ಅನುಸ್ವಾರದ ಪಕ್ಕದಲ್ಲಿ ಬಕಾರವಾಗಿ ಉಳಿದಿದೆ. ತಮಿಳರು ಇಂದಿಗೂ ‘ಪತ್ತು’ ಎಂದೇ ಎಣಿಸುತ್ತಾರೆ. ಪಂಪಾ ಎಂಬ ಹೆಸರಿನಿಂದ ಬಂದ ‘ಹಂಪೆ’ಯನ್ನೇ ನೋಡಿ: ಮೊದಲ ಪಕಾರ ಹೋಗಿದೆ, ಎರಡನೆಯದು ಹಾಗೆಯೇ ನಿಂತಿದೆ. ಒಂದೇ ಪದದೊಳಗೆ ಎರಡೂ ಸ್ಥಿತಿಗಳನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಊರಿನ ಹೆಸರು ಸಿಗುವುದು ಅಪರೂಪ.

ಇಂತಹ ಪದಗಳು ನಿಮ್ಮ ಮನೆಮಾತಿನಲ್ಲಿಯೋ ಊರಿನ ಹೊಲ, ಕೆರೆಗಳ ಹೆಸರಿನಲ್ಲಿಯೋ ಇದ್ದರೆ, ಊರು ಮತ್ತು ತಾಲ್ಲೂಕಿನ ಹೆಸರಿನೊಂದಿಗೆ ಭಾನುವಾರದೊಳಗೆ ಇಲ್ಲಿ ಬರೆಯಬೇಕೆಂದು ಕೋರುತ್ತೇನೆ. ಹಿರಿಯರ ಬಾಯಲ್ಲಿ ಕೇಳಿದ್ದಾದರೆ ಅವರು ಉಚ್ಚರಿಸಿದಂತೆಯೇ ಬರೆಯಿರಿ, ತಿದ್ದಬೇಡಿ.