ಎಲೆ ಒಣಗಿಸುವ ಯಂತ್ರದ ಶಾಖದ ಬಗ್ಗೆ ದೂರು

ಇವರಿಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ವಿಷಯ: 35 ಡಿಗ್ರಿಗೆ ಇಟ್ಟರೂ 60 ಡಿಗ್ರಿ ದಾಟುವ ಡ್ರೈಯರ್ ಮತ್ತು ಅದರ ಕೈಪಿಡಿಯಲ್ಲಿರುವ ತಪ್ಪುಗಳು

ಮಾನ್ಯರೇ,

ನಿಮ್ಮ ಕಂಪನಿಯ ಐದು ಟ್ರೇಗಳ ಡ್ರೈಯರ್ ಕೊಂಡಿದ್ದೇನೆ. ಅದರ ಡಬ್ಬದ ಮೇಲೆ 'ಸೂಕ್ಷ್ಮ ಎಲೆಗಳಿಗೆ 35 ಡಿಗ್ರಿ' ಎಂದು ದೊಡ್ಡ ಅಕ್ಷರದಲ್ಲಿದೆ. ಆ ಸಾಲನ್ನು ನಂಬಿಯೇ ಇದನ್ನು ಆರಿಸಿದೆ. ಕೈತೋಟದ ಪುದೀನ, ತುಳಸಿ, ನಿಂಬೆಹುಲ್ಲು ಒಣಗಿಸಿ ಪುಡಿ ಮಾಡಿಟ್ಟುಕೊಳ್ಳುವುದಕ್ಕೇ ಈ ಯಂತ್ರ ಬೇಕಾಗಿತ್ತು.

ಗುಂಡಿಯನ್ನು 35ಕ್ಕೆ ಇಟ್ಟು ಪುದೀನ ಹಾಕಿದೆ. ಕೆಳಗಿನ ಟ್ರೇಯ ಎಲೆಗಳು ಕಂದಾಗಿ, ಅಂಚು ಸುಟ್ಟಂತಾಗಿ ಬಂದವು. ಮೇಲಿನ ಟ್ರೇಯವು ಅಷ್ಟೇನೂ ಹಾಳಾಗಿರಲಿಲ್ಲ. ತುಳಸಿಯಂತೂ ಕಪ್ಪಾಯಿತು. ಯಂತ್ರ ಓಡುವಾಗ ಮನೆಯೆಲ್ಲ ಘಮಘಮ ಅನ್ನುತ್ತಿತ್ತು. ಪುಡಿಯನ್ನು ಮೂಸಿದರೆ ಬರೀ ಒಣಹುಲ್ಲಿನ ವಾಸನೆ. ಡಬ್ಬಿಯಲ್ಲಿ ಉಳಿಯಬೇಕಾದ ಪರಿಮಳ ಗಾಳಿಗೆ ಹೋಗಿತ್ತು.

ಅನುಮಾನ ಬಂದು ಓವನ್ ಥರ್ಮಾಮೀಟರನ್ನು ಒಂದೊಂದೇ ಟ್ರೇಯಲ್ಲಿಟ್ಟು ನೋಡಿದೆ. ಗುಂಡಿ 35ರಲ್ಲೇ ಇತ್ತು. ಕೆಳಗೆ 61 ಡಿಗ್ರಿ, ನಡುವೆ 52, ತುತ್ತತುದಿಯಲ್ಲಿ 44. ಫ್ಯಾನ್ ತಳದಲ್ಲಿರುವ ಯಂತ್ರದಲ್ಲಿ ಕೆಳಗಿನ ಟ್ರೇಗೆ ಸ್ವಲ್ಪ ಜಾಸ್ತಿ ಬಿಸಿ ತಾಗುತ್ತದೆ, ನಿಜ. ಟ್ರೇಗಳನ್ನು ಆಗಾಗ ಅದಲು ಬದಲು ಮಾಡಿಕೊಳ್ಳಬಹುದು. ಆದರೆ ಇಲ್ಲಿ ಎಲ್ಲಕ್ಕಿಂತ ತಂಪಾದ ಟ್ರೇ ಕೂಡ 35ರ ಹತ್ತಿರ ಇಲ್ಲ. ಶಾಖ ಏರಿದಾಗ ಥರ್ಮೋಸ್ಟಾಟ್, ಅಂದರೆ ಶಾಖವನ್ನು ಹಿಡಿತದಲ್ಲಿಡುವ ಭಾಗ, ಹೀಟರನ್ನು ಆರಿಸಬೇಕು ಅಲ್ವಾ? ಇದರಲ್ಲಿ ಹೀಟರಿನ ದೀಪ ಒಮ್ಮೆಯೂ ಆರಲಿಲ್ಲ.

ನಿಮ್ಮ ಸಹಾಯವಾಣಿಯವರು 'ಎಲೆ ಒಣಗಿದರೆ ಬಣ್ಣ ಹೋಗುವುದು ಸಹಜ' ಎಂದು ಹೇಳಿ ದೂರನ್ನು ಮುಚ್ಚಿಬಿಟ್ಟರು. ಈ ಉತ್ತರ ನನಗೆ ಒಪ್ಪಿಗೆಯಿಲ್ಲ. ಅದೇ ಗಿಡದಿಂದ ಅದೇ ಬೆಳಿಗ್ಗೆ ಕೊಯ್ದ ಪುದೀನವನ್ನು ಗಾಳಿಯಾಡುವ ಕೋಣೆಯ ನೆರಳಿನಲ್ಲಿ ಬಟ್ಟೆಯ ಮೇಲೆ ಹರಡಿದ್ದೆ. ಅದು ಹಸಿರಾಗಿಯೇ ಒಣಗಿತು, ಪರಿಮಳವೂ ಉಳಿಯಿತು. ಎಲೆಯ ವಾಸನೆ ಅದರೊಳಗಿನ ಎಣ್ಣೆಯಲ್ಲಿದೆ. ಆ ಎಣ್ಣೆ ಬಿಸಿಗೆ ಬೇಗ ಹಾರಿಹೋಗುತ್ತದೆ. ಅದಕ್ಕೇ ಇಂಥ ಎಲೆಗಳನ್ನು 35ರಿಂದ 45 ಡಿಗ್ರಿಯೊಳಗೆ ನಿಧಾನವಾಗಿ ಒಣಗಿಸಬೇಕು. ರೋಸ್‌ಮೇರಿ, ಥೈಮ್ ಎಲೆಗಳಲ್ಲಿ ನೀರು ಕಡಿಮೆ, ಅವು ಹೆಚ್ಚು ಬಿಸಿಯನ್ನೂ ತಡೆದುಕೊಂಡಾವು. ಅವು ಚೆನ್ನಾಗಿ ಬಂದವು ಎಂದು ಯಂತ್ರ ಸರಿಯಿದೆ ಅನ್ನುವುದು ನ್ಯಾಯವಲ್ಲ.

ಇನ್ನು ಕೈಪಿಡಿ. 'ಎಲೆ ಬಿಸಿಯಿರುವಾಗಲೇ ಮಿಕ್ಸಿಗೆ ಹಾಕಿ, ಕೂಡಲೇ ಡಬ್ಬಿಗೆ ತುಂಬಿ' ಎಂದು ಬರೆದಿದ್ದೀರಿ. ದಯವಿಟ್ಟು ಈ ಸಾಲನ್ನು ತೆಗೆಯಿರಿ. ಬಿಸಿ ಪುಡಿಯನ್ನು ಮುಚ್ಚಿಟ್ಟರೆ ಒಳಗೆ ಹಬೆ ನೀರಾಗಿ ಕೂರುತ್ತದೆ. ಪುಡಿ ಗಂಟು ಕಟ್ಟುತ್ತದೆ, ಬೂಷ್ಟು ಹಿಡಿಯುತ್ತದೆ. ಎಲೆ ಪೂರ್ತಿ ತಣ್ಣಗಾದ ಮೇಲೆಯೇ ಮಿಕ್ಸಿಗೆ ಹಾಕಬೇಕು. ಮಿಕ್ಸಿಯನ್ನೂ ಒಂದೇ ಸಮ ಓಡಿಸಬಾರದು, ಬ್ಲೇಡ್ ಕಾದು ಉಳಿದ ವಾಸನೆಯೂ ಹೋಗುತ್ತದೆ. ಸ್ವಲ್ಪ ತಿರುಗಿಸಿ, ನಿಲ್ಲಿಸಿ, ಮತ್ತೆ ತಿರುಗಿಸಬೇಕು. ಒಣಗಿದ್ದು ಸಾಕೇ ಎಂದು ನೋಡುವ ಬಗೆಯಂತೂ ನಿಮ್ಮ ಪುಸ್ತಕದಲ್ಲಿ ಎಲ್ಲೂ ಇಲ್ಲ. ಸುಮ್ನೆ 'ನಾಲ್ಕು ಗಂಟೆ' ಎಂದಿದೆ. ಎಲೆಯ ದಪ್ಪ, ಗಾಳಿಯ ತೇವ ಎರಡರ ಮೇಲೂ ಹೊತ್ತು ಬದಲಾಗುತ್ತದೆ. ದಂಟು ಬಾಗದೆ ಟಕ್ಕನೆ ಮುರಿಯಬೇಕು, ಎಲೆ ಬೆರಳಲ್ಲಿ ಪುಡಿಯಾಗಬೇಕು ಎಂದು ಬರೆದಿದ್ದರೆ ಹೊಸಬರಿಗೆ ಎಷ್ಟು ಅನುಕೂಲವಾಗುತ್ತಿತ್ತು! ಎಷ್ಟೋ ಜನ ತಾವೇ ಬೆಳೆಸಿದ ಎಲೆಗಳನ್ನು ನಿಮ್ಮ ಮಾತು ನಂಬಿ ಹಾಳು ಮಾಡಿಕೊಳ್ಳಬಾರದು ಎಂಬುದು ನನ್ನ ಕಳಕಳಿ.

ಆದ್ದರಿಂದ ಈ ಯಂತ್ರವನ್ನು ನಿಮ್ಮ ಖರ್ಚಿನಲ್ಲೇ ವಾಪಸ್ ತೆಗೆದುಕೊಂಡು, ಪ್ರತಿ ಟ್ರೇಯ ಶಾಖ ಅಳೆದು ನೋಡಿದ ಇನ್ನೊಂದನ್ನು ಕೊಡಿ. ಅದು ಆಗದಿದ್ದರೆ ಪೂರ್ತಿ ಹಣ ಹಿಂತಿರುಗಿಸಿ. ಈ ಮಾದರಿ 35 ಡಿಗ್ರಿಗೆ ಇಳಿಯುವುದೇ ಇಲ್ಲ ಎಂದಾದರೆ ಡಬ್ಬದ ಮೇಲಿನ ಆ ಸಾಲನ್ನೂ ತೆಗೆಯಬೇಕು.

ಬಿಲ್ಲಿನ ಪ್ರತಿ, ಥರ್ಮಾಮೀಟರಿನ ಫೋಟೋಗಳು, ಎರಡೂ ಬಗೆಯಲ್ಲಿ ಒಣಗಿಸಿದ ಪುದೀನದ ಫೋಟೋ ಜೊತೆಗಿವೆ. ಎಲೆಗಳನ್ನು ಎಸೆದಿಲ್ಲ. ನಿಮ್ಮ ತಂತ್ರಜ್ಞರು ಬಂದರೆ ತೋರಿಸುತ್ತೇನೆ. ಉತ್ತರವನ್ನು 15 ದಿನಗಳೊಳಗೆ ಬರವಣಿಗೆಯಲ್ಲೇ ಕಳುಹಿಸಿ.

ಇತಿ,
ನಿಮ್ಮ ಗ್ರಾಹಕಿ