ದಿಮಿತ್ಸಾನಾಕ್ಕೆ ಹೋಗುವ ಮುನ್ನ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ಅಥೆನ್ಸ್ ನೋಡಿ ಮುಗಿದ ಮೇಲೆ ಎರಡು ದಿನ ಉಳಿಯುತ್ತದೆ ಅಂದಿದ್ದೆಯಲ್ಲ, ಅವನ್ನು ದಿಮಿತ್ಸಾನಾಕ್ಕೆ ಕೊಡು. ಗ್ರೀಸ್‌ನ ದಕ್ಷಿಣದ ಪರ್ಯಾಯದ್ವೀಪ ಪೆಲೊಪೊನೀಸ್‌ನ ಅರ್ಕೇಡಿಯಾ ಬೆಟ್ಟಸೀಮೆಯಲ್ಲಿ, ಲೂಸಿಯೋಸ್ ನದಿಯ ಕಮರಿಯ ಮೇಲಿರುವ ಕಲ್ಲುಮನೆಗಳ ಊರು. ಬಸ್ಸು ಬಲು ವಿರಳ, ಕಾರು ಬಾಡಿಗೆಗೆ ತಗೊಂಡರೇ ಸರಿ.

ಮೊದಲು ಊರ ಹೊರಗಿನ ಜಲಶಕ್ತಿ ವಸ್ತುಸಂಗ್ರಹಾಲಯಕ್ಕೆ ಹೋಗು. ಮಂಗಳವಾರ ಮಾತ್ರ ಬೇಡ, ಅಂದು ರಜೆ. 1997ರಲ್ಲಿ ತೆರೆದ ಈ ಬಯಲು ಸಂಗ್ರಹಾಲಯದಲ್ಲಿ ಹಳೆಯ ಯಂತ್ರಗಳು ಇವತ್ತಿಗೂ ನೀರಿನಿಂದಲೇ ತಿರುಗುತ್ತವೆ. ಹಿಟ್ಟಿನ ಗಿರಣಿಯ ನೀರುಚಕ್ರ ಅಡ್ಡಲಾಗಿ ಮಲಗಿದೆ. ಅದರ ನೆಟ್ಟನೆಯ ಅಚ್ಚೇ ಮೇಲಿನ ಬೀಸುಕಲ್ಲನ್ನು ತಿರುಗಿಸುತ್ತದೆ, ನಡುವೆ ಹಲ್ಲುಚಕ್ರದ ಗೋಜಿಲ್ಲ. ಪಕ್ಕದಲ್ಲೇ ಮರದ ದೊಡ್ಡ ತೊಟ್ಟಿ. ಎತ್ತರದಿಂದ ಧುಮುಕುವ ನೀರು ಉಣ್ಣೆಯ ಕಂಬಳಿಗಳನ್ನು ಅದರೊಳಗೆ ಗಿರಗಿರನೆ ಸುತ್ತಿಸಿ ತೊಳೆಯುತ್ತದೆ, ಸೋಪು ಬೇಕಿಲ್ಲ.

ಕೋವಿಮದ್ದಿನ ಗಿರಣಿಯ ಮುಂದೆ ಮಾತ್ರ ಆತುರ ಬೇಡ. ಆಟೊಮನ್ ತುರ್ಕರ ವಿರುದ್ಧ ಗ್ರೀಕರು ಹೂಡಿದ 1821ರ ಸ್ವಾತಂತ್ರ್ಯ ಸಮರಕ್ಕೆ ಕರಿಮದ್ದು, ಅಂದರೆ ಕೋವಿಗೆ ತುಂಬುವ ಸಿಡಿಮದ್ದು, ಒದಗಿಸಿದ ಊರಿದು. ಕರಿಮದ್ದಿನ ಸಾಮಾನ್ಯ ಪಾಕ ನೂರಕ್ಕೆ 75 ಪಾಲು ಪೆಟ್ಲುಪ್ಪು, 15 ಇದ್ದಿಲು, 10 ಗಂಧಕ. ಚಕ್ರ ತಿರುಗಿದಂತೆ ಮರದ ಒನಕೆಗಳು ಒಂದಾದ ಮೇಲೊಂದು ಒರಳಿಗೆ ಬೀಳುವುದನ್ನು ಹತ್ತಿರದಿಂದ ನೋಡು. ಒನಕೆ ಮರದ್ದೇ ಆಗಬೇಕು, ಏಕೆಂದರೆ ಕಬ್ಬಿಣ ಕಲ್ಲಿಗೆ ತಾಗಿದರೆ ಕಿಡಿ ಹಾರುತ್ತದೆ. ಮಿಶ್ರಣವನ್ನು ಒದ್ದೆಯಾಗಿಯೇ ಕುಟ್ಟುತ್ತಿದ್ದುದೂ ಅದಕ್ಕೇ. ಆಮೇಲೆ ಜರಡಿ ಹಿಡಿದು ಕಾಳು ಮಾಡಿ ಒಣಗಿಸುವುದು. ಬರೀ ಪುಡಿಯಾದರೆ ಬೆಂಕಿ ಸಮನಾಗಿ ಹರಡುವುದಿಲ್ಲ.

ಮದ್ದಿದ್ದರೆ ಸಾಲದು, ಕೋವಿಯ ತೋಟಾಗಳನ್ನು ಸುತ್ತಿ ಕಟ್ಟಲು ಕಾಗದವೂ ಬೇಕಲ್ಲ? 1764ರಲ್ಲಿ ಆರಂಭವಾದ ಇಲ್ಲಿನ ಶಾಲೆಯ ಗ್ರಂಥಾಲಯದ ಪುಸ್ತಕಗಳನ್ನೇ ಹರಿದು ಕೊಟ್ಟರು. ಅಳಿದುಳಿದವು ಊರ ಗ್ರಂಥಾಲಯದಲ್ಲಿವೆ. ನನಗೆ ಈ ಊರಿನ ಅತಿ ದೊಡ್ಡ ಸಂಗತಿ ಅದೇ.

ಎರಡನೇ ದಿನ ಕಮರಿಗಿಳಿ. ಬಂಡೆಗೆ ಅಂಟಿಕೊಂಡಂತಿರುವ ಪ್ರೊದ್ರೊಮೊಸ್ ಮಠದಿಂದ ಹೊಳೆ ದಾಟಿ ಆಚೆ ದಡದ ಫಿಲೊಸೊಫೂ ಮಠಕ್ಕೆ ಕಾಲುದಾರಿಯಿದೆ. 963ರಲ್ಲಿ ಕಟ್ಟಿದ ಹಳೆಯ ಫಿಲೊಸೊಫೂ ಮಠ ಬಂಡೆಯ ಬಣ್ಣದಲ್ಲೇ ಮರೆಯಾಗಿರುತ್ತದೆ, ಕಣ್ಣಿಟ್ಟು ಹುಡುಕು. ಮಧ್ಯಾಹ್ನ ಮಠಗಳು ಬಾಗಿಲು ಹಾಕುವುದುಂಟು, ಬೆಳಿಗ್ಗೆಯೇ ಹೊರಡು. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಲಿ. ಇಳಿದಷ್ಟೂ ವಾಪಸ್ ಹತ್ತಬೇಕು, ಆದ್ದರಿಂದ ಗಟ್ಟಿ ಅಡಿಯ ಶೂ ಹಾಕಿಕೊ, ನೀರು ಧಾರಾಳವಾಗಿ ಇಟ್ಟುಕೊ. ಮಳೆ ಬಂದ ಮರುದಿನ ಕಲ್ಲು ಜಾರುತ್ತದೆ, ಅಂದು ಗ್ರಂಥಾಲಯಕ್ಕೆ ಹೋಗು.

ಇಂತಿ ನಿನ್ನ ಗೆಳೆಯ