ಎಲ್ಲ ಕಲ್ಲಿದ್ದಲೂ ಕೋಕ್ ಆಗುವುದಿಲ್ಲ

ಮಾನ್ಯರೇ,

ದೇಶದಲ್ಲಿ ಇಷ್ಟೊಂದು ಕಲ್ಲಿದ್ದಲಿದ್ದೂ ಉಕ್ಕಿನ ಕಾರ್ಖಾನೆಗಳಿಗೆ ಆಸ್ಟ್ರೇಲಿಯಾದಿಂದ ತರಿಸುವುದೇಕೆ ಎಂದು ಆಗಾಗ ಕೇಳಲಾಗುತ್ತದೆ. ರಾಯಚೂರಿನ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಉರಿಯುವ ಕಲ್ಲಿದ್ದಲಿನಿಂದಲೇ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಊದುಕುಲುಮೆಗೆ (ಅದಿರಿನಿಂದ ಕಬ್ಬಿಣ ತೆಗೆಯುವ ಕುಲುಮೆ) ಕೋಕ್, ಅಂದರೆ ಕಲ್ಲಿದ್ದಲನ್ನು ಗಾಳಿಯಿಲ್ಲದೆ ಕಾಯಿಸಿ ಪಡೆಯುವ ಗಟ್ಟಿ ಇಂಧನ, ಮಾಡಬಾರದೇ? ಆಗದು. ಅದಕ್ಕೆ ಕಾರಣ ಅಣುಗಳ ಬಂಧದಲ್ಲಿದೆ.

ಕಲ್ಲಿದ್ದಲಿನಲ್ಲಿ ಇಂಗಾಲದ ಉಂಗುರಗಳ ಗೊಂಚಲುಗಳನ್ನು ಆಮ್ಲಜನಕದ ಮತ್ತು ಮೀಥೈಲೀನ್‌ನ ಸಣ್ಣ ಕೊಂಡಿಗಳು ಜೋಡಿಸಿರುತ್ತವೆ. ಉಂಗುರ ಗಟ್ಟಿ, ಕೊಂಡಿ ದುರ್ಬಲ. ಗಾಳಿ ತಾಗದಂತೆ ಕಾಯಿಸಿದರೆ 350–400 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೊಂಡಿಗಳು ಕಡಿಯತೊಡಗುತ್ತವೆ. ಕಡಿದ ತುದಿಗೆ ಅಲ್ಲೇ ಹೈಡ್ರೋಜನ್ ಸಿಕ್ಕಿದರೆ ತುಂಡುಗಳು ಬಿಡಿಬಿಡಿಯಾಗಿ ಉಳಿದು ಇಡೀ ರಾಶಿ ಡಾಂಬರಿನಂತೆ ಮೆತ್ತಗಾಗುತ್ತದೆ. 500 ಡಿಗ್ರಿ ಆಸುಪಾಸಿನಲ್ಲಿ ಅದು ಮತ್ತೆ ಹೆಪ್ಪುಗಟ್ಟಿ, 1000 ದಾಟುವ ಹೊತ್ತಿಗೆ ಸಣ್ಣ ರಂಧ್ರಗಳಿದ್ದರೂ ಗಟ್ಟಿಯಾದ ಕೋಕ್ ಆಗುತ್ತದೆ. ಆಮ್ಲಜನಕ ಹೆಚ್ಚಿರುವ ಎಳೆಯ ಕಲ್ಲಿದ್ದಲಿನಲ್ಲಿ ಕಡಿದ ತುದಿಗಳು ಒಂದಕ್ಕೊಂದು ಬೆಸೆದುಕೊಂಡುಬಿಡುತ್ತವೆ. ಮೆತ್ತಗಾಗುವ ಹಂತವೇ ಬಾರದೆ ಕೊನೆಗೆ ಉಳಿಯುವುದು ಪುಡಿ. ಹಾಗೆಂದು ಹಳೆಯದಾದಷ್ಟೂ ಒಳ್ಳೆಯದು ಎಂದೇನಿಲ್ಲ. ಅತಿ ಹಳೆಯ ಕಲ್ಲಿದ್ದಲಾದ ಆಂಥ್ರಸೈಟ್‌ನಲ್ಲಿ ಕಡಿಯಲು ಕೊಂಡಿಗಳೇ ಕಡಿಮೆ, ಅದೂ ಕರಗದು.

ಕುಲುಮೆಯೊಳಗೆ ಅದಿರಿನ ಭಾರ ಹೊರುವುದೂ ಬಿಸಿಗಾಳಿಗೆ ದಾರಿ ಬಿಡುವುದೂ ಕೋಕ್ ತುಂಡುಗಳೇ. ಅವು ಪುಡಿಯಾದರೆ ಗಾಳಿ ಮೇಲೇರುವುದಿಲ್ಲ. ಸಾಮಾನ್ಯ ಕಲ್ಲಿದ್ದಲನ್ನು ನುಣ್ಣಗೆ ಅರೆದು ಕುಲುಮೆಯ ಬುಡದಲ್ಲಿ ಊದುವುದುಂಟು, ಅದಿರನ್ನು ಕರಗಿಸದೆಯೇ ಕಬ್ಬಿಣ ಮಾಡುವ ಸ್ಪಾಂಜ್ ಐರನ್ ಘಟಕಗಳೂ ಅದರಲ್ಲೇ ನಡೆಯುತ್ತವೆ. ಆದರೆ ಕೋಕಿನ ಜಾಗವನ್ನು ಅದು ಪೂರ್ತಿ ತುಂಬಲಾರದು.

ಯಾವುದು ಕೋಕ್ ಆಗಬಲ್ಲುದು ಎಂಬುದನ್ನು ಮೊದಲು ಅಳೆಯಲು ಸುಲಭ ಪರೀಕ್ಷೆಯಿದೆ. ನುಣ್ಣಗೆ ಅರೆದ 1 ಗ್ರಾಂ ಕಲ್ಲಿದ್ದಲನ್ನು ಮುಚ್ಚಳವಿರುವ ಮೂಸೆಯಲ್ಲಿ ಸುಮಾರು 820 ಡಿಗ್ರಿಗೆ ಬೇಗನೆ ಕಾಯಿಸುತ್ತಾರೆ. ಮೂಸೆಯಲ್ಲಿ ಉಬ್ಬಿ ಉಳಿದ ಗುಂಡಿಯ (ಬಟನ್) ಆಕಾರವನ್ನು 9ರವರೆಗಿನ ಮಾದರಿಗಳೊಂದಿಗೆ ಹೋಲಿಸುತ್ತಾರೆ. ಪುಡಿಯಾಗಿಯೇ ಉಳಿದರೆ ಸೊನ್ನೆ. ಒಳ್ಳೆಯ ಮಾಲನ್ನೂ ಯಾರ್ಡಿನಲ್ಲಿ ತಿಂಗಳುಗಟ್ಟಲೆ ಬಿಸಿಲು-ಗಾಳಿಗೆ ಬಿಟ್ಟರೆ ಆಮ್ಲಜನಕ ಹೀರಿಕೊಂಡು ಈ ಅಂಕ ಇಳಿಯುತ್ತದೆ. ಹಳೆಯ ರಾಶಿಯನ್ನು ಮೊದಲು ಬಳಸಬೇಕು, ರಾಶಿಯನ್ನು ಒತ್ತಿ ಗಟ್ಟಿ ಮಾಡಬೇಕು. ಇಲ್ಲದಿದ್ದರೆ ತಾನಾಗಿ ಬೆಂಕಿ ಹೊತ್ತುವ ಅಪಾಯವೂ ಇದೆ.

ಜಾರ್ಖಂಡ್‌ನ ಝರಿಯಾದಲ್ಲಿ ಕೋಕ್ ಆಗುವ ಕಲ್ಲಿದ್ದಲು ಇದೆ, ನಿಜ. ಆದರೆ ನಮ್ಮ ನಿಕ್ಷೇಪಗಳಲ್ಲಿ ಮಣ್ಣಿನಂಶ ಇಂಗಾಲದೊಂದಿಗೆ ಸೂಕ್ಷ್ಮವಾಗಿ ಬೆರೆತಿರುವುದರಿಂದ ತೊಳೆದರೂ ಬೂದಿ ಸಾಕಷ್ಟು ಉಳಿಯುತ್ತದೆ. ಉಕ್ಕಿಗೆ ಮೊದಲ ದರ್ಜೆ ಎನಿಸಿಕೊಳ್ಳಲು ಬೂದಿ ಶೇ 15ರ ಒಳಗಿರಬೇಕು. ಆದ್ದರಿಂದ ಕಲ್ಲಿದ್ದಲು ಉತ್ಪಾದನೆಯ ಸುದ್ದಿ ಬರೆಯುವಾಗ ಎಷ್ಟು ಟನ್ ಎಂಬುದರ ಜೊತೆಗೆ ಕೋಕ್ ಆಗುವಂಥದ್ದು (ಕೋಕಿಂಗ್) ಎಷ್ಟು, ಬೂದಿ ಶೇಕಡಾ ಎಷ್ಟು ಎಂದೂ ಪ್ರಕಟಿಸಬೇಕೆಂದು ಕೋರುತ್ತೇನೆ.

— ಓದುಗ, ಬಳ್ಳಾರಿ